ಬ್ಯಾಕ್ ಒತ್ತಿದರೆ ಎಲ್ಲಿಗೆ? ಇಳಕಲ್ ಸೀರೆ ಆ್ಯಪ್‌ನ ಒಂದು ಪ್ರಕರಣ

ಒಂದೇ ಸೀರೆ, ಒಬ್ಬರೇ ಗಿರಾಕಿ, ಆದರೆ ಹಣ ಎರಡು ಸಲ. ಇಳಕಲ್‌ನ ಒಂದು ಸೀರೆ ಅಂಗಡಿಯ ಆ್ಯಪ್‌ನಲ್ಲಿ ಇಂಥ ಆರ್ಡರ್‌ಗಳು ಆಗಾಗ ಬರತೊಡಗಿದವು. ಅಂಗಡಿಯವರು ಎರಡನೇ ಹಣ ವಾಪಸ್ ಕಳಿಸುತ್ತಿದ್ದರು, ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದರು. ಶ್ರಾವಣದಲ್ಲಿ ಹಬ್ಬದ ಆರ್ಡರ್ ಜಾಸ್ತಿಯಾದಾಗ ಈ ಸಮಾಧಾನದ ಕೆಲಸಕ್ಕೇ ಒಬ್ಬರು ಕೂರಬೇಕಾಯಿತು.

ಆ್ಯಪ್ ಮಾಡಿದ್ದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೋಣೆ ಹಿಡಿದು ಕೆಲಸ ಮಾಡುವ ಹುಡುಗರ ಸಣ್ಣ ತಂಡ. ಆಂಡ್ರಾಯ್ಡ್ ಆ್ಯಪ್. ಕಾಟ್ಲಿನ್ ಭಾಷೆ, ಸ್ಕ್ರೀನ್ ಕಟ್ಟಲು ಜೆಟ್‌ಪ್ಯಾಕ್ ಕಂಪೋಸ್, ಒಂದೇ ಆಕ್ಟಿವಿಟಿ (ಸ್ಕ್ರೀನ್‌ಗಳನ್ನು ಹೊರುವ ಚೌಕಟ್ಟು), ಅದರೊಳಗೆ ಎಲ್ಲ ಸ್ಕ್ರೀನ್. ಈಗಿನ ರೂಢಿಯೇ ಅದು. ಕೋಡ್ ನೋಡಿ ಏನಾಗಿದೆ ಹೇಳಿ ಅಂತ ನನ್ನನ್ನು ಕರೆದರು.

ಅಂಗಡಿಯಲ್ಲಿ ಆ್ಯಪ್ ಮತ್ತು ವಾಟ್ಸ್‌ಆ್ಯಪ್ ಎರಡನ್ನೂ ನೋಡಿಕೊಳ್ಳುವವರು ಮನೆಯ ಸೊಸೆ. ತಂಡದ ಹುಡುಗರಿಗೆ ಅವರು ‘ಅಕ್ಕಾರು’. ಈ ಬರಹದಲ್ಲೂ ಹಾಗೇ ಇರಲಿ. ಅಕ್ಕಾರು ದೂರನ್ನು ಹೇಳಿದ್ದು ಹೀಗೆ: “ತಮ್ಮಾ, ಗಿರಾಕಿ ಎರಡ ಸರ್ತಿ ರೊಕ್ಕ ಹಾಕ್ಯಾರ. ಯಾಕ್ರಿ ಅಂತ ಕೇಳಿದ್ರ, ಹಿಂದಕ್ಕ ಬಂದ್ವಿ, ಮತ್ತ ರೊಕ್ಕ ಕೇಳ್ತು, ಮೊದಲಿಂದು ಹೋಗಿಲ್ಲೇನೋ ಅಂತ ಮತ್ತ ಹಾಕಿದ್ವಿ ಅಂತಾರ.”

ಇದರಲ್ಲೇ ಅರ್ಧ ಉತ್ತರ ಇದೆ. ‘ಆರ್ಡರ್ ಆಯಿತು’ ಅನ್ನುವ ಸ್ಕ್ರೀನ್ ಬಂದಿದೆ. ಗಿರಾಕಿ ಬ್ಯಾಕ್ ಒತ್ತಿದ್ದಾರೆ. ಹಿಂದೆ ಇದ್ದದ್ದು ಪೇಮೆಂಟ್ ಸ್ಕ್ರೀನ್. ಅದು ಹಾಗೇ ಇತ್ತು, ಬಟನ್ ಸಮೇತ.

ದೂರು ಇದೊಂದೇ ಅಲ್ಲ. ಕೇಳುತ್ತಾ ಹೋದಂತೆ ಒಂದೊಂದೇ ಹೊರಬಂದವು. ಕೆಲವರಿಗೆ ಯುಪಿಐ ಆ್ಯಪ್‌ಗೆ ಹೋಗಿ ಬಂದಾಗ ‘ಒಟ್ಟು ₹0’ ಅಂತ ಕಾಣುತ್ತಿತ್ತು. ಅರ್ಧ ಆರ್ಡರ್ ತುಂಬಿದವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಇನ್ನೊಂದು ಸೀರೆಯ ಲಿಂಕ್ ಒತ್ತಿದರೆ ಮೊದಲಿನ ಆರ್ಡರ್ ಮಾಯ. ‘ಇಂಥದ್ದೇ ಸೀರೆಗಳು’ ಅನ್ನುವ ಸಾಲಿನಲ್ಲಿ ಒಂದನ್ನು ತೆರೆದರೆ ಹಿಂದಿನ ಸೀರೆಗೆ ವಾಪಸ್ ಬರಲು ಆಗುತ್ತಿರಲಿಲ್ಲ. ಕೆಳಗಿನ ಟ್ಯಾಬ್‌ಗಳಲ್ಲಿ ಅತ್ತಿತ್ತ ಓಡಾಡಿದರೆ ಆ್ಯಪ್‌ನಿಂದ ಹೊರಬರಲು ಬ್ಯಾಕ್ ಒತ್ತುತ್ತಲೇ ಇರಬೇಕು. ಇತ್ತೀಚಿನ ಅಪ್‌ಡೇಟ್ ಆದ ಮೇಲೆ ಹೊಸ ಫೋನ್‌ಗಳಲ್ಲಿ ‘ಹೊರಗೆ ಹೋಗಬೇಕಾ?’ ಅನ್ನುವ ಪ್ರಶ್ನೆಯೂ ಬರುತ್ತಿಲ್ಲ.

ಹುಡುಗರು ಇವನ್ನು ಆರು ಬೇರೆ ಬೇರೆ ಬಗ್ ಅಂತ ಬರೆದಿಟ್ಟಿದ್ದರು. ನನಗೆ ಎಲ್ಲದರ ಬೇರು ಒಂದೇ ಅನ್ನಿಸಿತು. ಬ್ಯಾಕ್ ಒತ್ತಿದರೆ ಏನಾಗಬೇಕು ಅಂತ ಯಾವ ಸ್ಕ್ರೀನ್‌ಗೂ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಸ್ಕ್ರೀನ್ ಬದಲಿಸುವ ಸಿದ್ಧ ಕೋಡ್, ಅಂದರೆ ನ್ಯಾವಿಗೇಶನ್ ಲೈಬ್ರರಿ, ಏನು ಮಾಡುತ್ತೋ ಅದೇ ಆಗುತ್ತಿತ್ತು.

ಕೋಡ್‌ನಲ್ಲಿ ಏನಿತ್ತು

ಬ್ಯಾಕ್ ಸ್ಟ್ಯಾಕ್ ಗೊತ್ತಿಲ್ಲದವರಿಗೆ ಎರಡು ಮಾತು. ಅಂಗಡಿಯ ಗಾದಿಯ ಮೇಲೆ ಸೀರೆ ಬಿಚ್ಚಿ ತೋರಿಸುವಾಗ ಒಂದರ ಮೇಲೊಂದು ಬೀಳುತ್ತದೆ, ಮಡಚುವಾಗ ಮೇಲಿನದ್ದನ್ನೇ ಮೊದಲು ತೆಗೆಯಬೇಕು. ಸ್ಕ್ರೀನ್‌ಗಳ ರಾಶಿಯೂ ಹಾಗೇ. ಹೊಸ ಸ್ಕ್ರೀನ್ ಮೇಲೆ ಬಂದು ಕೂರುತ್ತದೆ, ಬ್ಯಾಕ್ ಒತ್ತಿದರೆ ಮೇಲಿನದ್ದು ಹೋಗುತ್ತದೆ. ಬಿಟ್ಟರೆ ಇದು ತಾನಾಗಿ ಬೆಳೆಯುತ್ತಾ ಹೋಗುತ್ತದೆ. ಎಲ್ಲಿ ತೆಗೆಯಬೇಕು, ಎಷ್ಟು ತೆಗೆಯಬೇಕು ಅಂತ ನಾವು ಹೇಳಬೇಕು.

ಈ ತಂಡ ತೆಗೆಯುವ ಕೆಲಸವನ್ನು ಸ್ಟ್ಯಾಕ್‌ನಲ್ಲಿ ಮಾಡಿರಲಿಲ್ಲ, ಬ್ಯಾಕ್ ಬಟನ್‌ನಲ್ಲಿ ಮಾಡಿತ್ತು. ಆಕ್ಟಿವಿಟಿಯ ‘ಆನ್‌ಬ್ಯಾಕ್‌ಪ್ರೆಸ್ಡ್’ (ಬ್ಯಾಕ್ ಒತ್ತಿದಾಗ ಓಡುವ ಫಂಕ್ಷನ್) ಒಳಗೆ ಉದ್ದನೆಯ ಷರತ್ತುಗಳ ಸಾಲು: ಈಗ ವಿಳಾಸದ ಸ್ಕ್ರೀನ್ ಇದ್ದರೆ ಹೀಗೆ, ಕಾರ್ಟ್ ಇದ್ದರೆ ಹಾಗೆ, ಹೋಮ್ ಇದ್ದರೆ ಪ್ರಶ್ನೆ ಕೇಳು. ಹೊಸ ಸ್ಕ್ರೀನ್ ಸೇರಿಸಿದಾಗಲೆಲ್ಲ ಇಲ್ಲೊಂದು ಸಾಲು. ಸೇರಿಸಲು ಮರೆತರೆ ಒಂದು ದೂರು. ‘ಆರ್ಡರ್ ಆಯಿತು’ ಸ್ಕ್ರೀನ್‌ಗೆ ಸಾಲು ಇರಲೇ ಇಲ್ಲ.

ಈ ಪದ್ಧತಿಗೆ ಈಗ ಆಯುಸ್ಸೂ ಮುಗಿದಿದೆ. 2022ರ ಆಂಡ್ರಾಯ್ಡ್ 13ರಲ್ಲೇ ಆ ಫಂಕ್ಷನ್‌ಗೆ ‘ಇನ್ನು ಬಳಸಬೇಡಿ’ ಅಂತ ಗುರುತು ಬಿತ್ತು. ಕಾರಣ ಸರಳ. ಬೆರಳು ಅಂಚಿನಿಂದ ಎಳೆಯುತ್ತಿರುವಾಗಲೇ ಹಿಂದೆ ಏನಿದೆ ಅಂತ ಇಣುಕಿ ತೋರಿಸುವ ಅನಿಮೇಶನ್ ಸಿಸ್ಟಮ್‌ಗೆ ಬೇಕಿತ್ತು. ಹಾಗೆ ತೋರಿಸಬೇಕಾದರೆ, ಬ್ಯಾಕನ್ನು ಆ್ಯಪ್ ತಾನೇ ಹಿಡಿಯುತ್ತದೋ ಇಲ್ಲವೋ ಅನ್ನುವುದು ಬೆರಳು ಎತ್ತುವ ಮೊದಲೇ ಸಿಸ್ಟಮ್‌ಗೆ ಗೊತ್ತಿರಬೇಕು. ಬ್ಯಾಕ್ ಬಂದ ಮೇಲೆ ಷರತ್ತು ನೋಡುವ ಕೋಡ್‌ನಿಂದ ಅದು ಸಾಧ್ಯವಿಲ್ಲ. ಆಂಡ್ರಾಯ್ಡ್ 16ರಲ್ಲಿ, ಟಾರ್ಗೆಟ್ 36 (ಆಂಡ್ರಾಯ್ಡ್ 16ಕ್ಕೆ ತಯಾರು ಅನ್ನುವ ಗುರುತು) ಇಟ್ಟ ಆ್ಯಪ್‌ಗಳಿಗೆ ‘ಆನ್‌ಬ್ಯಾಕ್‌ಪ್ರೆಸ್ಡ್’ ಕರೆಯೇ ಬರುವುದಿಲ್ಲ. ಹುಡುಗರು ಟಾರ್ಗೆಟ್ ಏರಿಸಿದರು, ಆಂಡ್ರಾಯ್ಡ್ 16 ಇದ್ದ ಫೋನ್‌ಗಳಲ್ಲಿ ಅವರ ಷರತ್ತುಗಳ ಸಾಲು ಪೂರ್ತಿ ಮಲಗಿತು. ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಆ್ಯಪ್‌ನ ವಿವರದ ಫೈಲ್‌ನಲ್ಲಿ, ಒಂದು ಸಾಲು ಬರೆದು ಹಳೆಯ ನಡವಳಿಕೆಗೆ ತಾತ್ಕಾಲಿಕವಾಗಿ ಮರಳಬಹುದು. ಹುಡುಗರು ಅದನ್ನೇ ಹುಡುಕಿಟ್ಟಿದ್ದರು. ನಾನು ಬೇಡ ಅಂದೆ. ಅದು ಹೊಸ ಫೋನ್‌ನ ದೂರನ್ನು ಮುಚ್ಚುತ್ತದೆ ಅಷ್ಟೇ, ಎರಡು ಸಲ ಹಣ ಹೋಗುವುದು ಹಾಗೇ ಇರುತ್ತದೆ.

ಅಂಗಡಿಯಲ್ಲಿ ಕೂತು ಬರೆದ ಪಟ್ಟಿ

ಕೋಡ್ ಮುಟ್ಟುವ ಮೊದಲು ಇಳಕಲ್‌ಗೆ ಹೋಗಿ ಅಕ್ಕಾರ ಎದುರು ಕೂತೆವು. ಪ್ರತಿ ಸ್ಕ್ರೀನ್ ತೋರಿಸಿ ಒಂದೇ ಪ್ರಶ್ನೆ: “ಇಲ್ಲಿ ಹಿಂದಕ್ಕ ಒತ್ತಿದ್ರ ಎಲ್ಲಿಗೆ ಹೋಗಬೇಕ್ರಿ?” ಹುಡುಗರಿಗೆ ಇದು ಸಮಯ ಹಾಳು ಅನ್ನಿಸಿತ್ತು. ಆದರೆ ಬಂದ ಉತ್ತರಗಳು ನಾವು ಊಹಿಸಿದ ಹಾಗೆ ಇರಲಿಲ್ಲ.

‘ಇಂಥದ್ದೇ ಸೀರೆಗಳು’ ವಿಷಯವನ್ನೇ ನೋಡಿ. ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಹೋದರೆ ಸ್ಟ್ಯಾಕ್ ಉದ್ದವಾಗುತ್ತದೆ, ಬ್ಯಾಕ್ ಒತ್ತಿದರೆ ನೇರ ಪಟ್ಟಿಗೆ ಹೋಗಲಿ ಅನ್ನುವುದು ತಂಡದ ವಾದ. ಅಕ್ಕಾರು ಒಪ್ಪಲಿಲ್ಲ. “ಅಂಗಡ್ಯಾಗ ಬಂದಾಕಿ ಹತ್ತ ಸೀರಿ ನೋಡ್ತಾಳ, ಕಡೀಕ ಮೂರನೇದ್ದ ತೋರ್ಸ್ರಿ ಅಂತಾಳ. ಆಗ ನಾ ಮತ್ತ ಮೊದಲಿಂದ ತೋರಸ್ಲೇನು?” ಗೋಮಿ ದಡಿ (ಅಂಚು) ನೋಡಿ ಗಾಡಿ ದಡಿಗೆ ಹೋದವರು, ಬಣ್ಣ ಹೋಲಿಸಲು ಮತ್ತೆ ಗೋಮಿಗೆ ಬರುತ್ತಾರೆ. ಇಲ್ಲಿ ಹಾದಿ ಪೂರ್ತಿ ಉಳಿಯಬೇಕು, ಎಷ್ಟೇ ಉದ್ದವಾಗಲಿ.

ಆರ್ಡರ್ ತುಂಬುವ ಭಾಗದಲ್ಲಿ ಬೇರೆ ಲೆಕ್ಕ. ಅದು ಹಂತ ಹಂತವಾಗಿ ಹೋಗುತ್ತದೆ: ಎಷ್ಟು ವಾರಿ (ಗಜ), ಒಡಲ ಬಣ್ಣ, ದಡಿ, ಸೆರಗು, ಜೊತೆಗೆ ಕುಪ್ಪಸಕ್ಕೆ ಗುಳೇದಗುಡ್ಡದ ಖಣ ಬೇಕಾ, ಪಿಕೋ-ಫಾಲ್ ಬೇಕಾ, ವಿಳಾಸ, ಹಣ. ಇಳಕಲ್ ಸೀರೆಯಲ್ಲಿ ಒಡಲ ಎಳೆಗೂ ಸೆರಗಿನ ಎಳೆಗೂ ಮಗ್ಗದ ಮೇಲೇ ಕೊಂಡಿ ಹಾಕುತ್ತಾರೆ. ಹಾಗಾಗಿ ನೇಯಿಸುವ ಆರ್ಡರ್ ಆದರೆ ಸೆರಗಿನ ಆಯ್ಕೆ ಆಮೇಲೆ ಬದಲಿಸುವ ಹಾಗಿಲ್ಲ, ಮೊದಲೇ ಪಕ್ಕಾ ಆಗಬೇಕು. ಗಿರಾಕಿ ಹಿಂದೆ ಹೋಗಿ ಹೋಗಿ ತಿದ್ದುವುದು ಸಹಜ. ಬ್ಯಾಕ್ ಒತ್ತಿದರೆ ಒಂದೇ ಹಂತ ಹಿಂದೆ ಹೋಗಬೇಕು, ಮೊದಲು ಆರಿಸಿದ್ದು ಆರಿಸಿದಂತೆ ಇರಬೇಕು. ಒಂಬತ್ತು ವಾರಿಯಿಂದ ಆರು ವಾರಿಗೆ ಬದಲಿಸಿದರೆ, ಆರು ವಾರಿಯಲ್ಲಿ ಸಿಗದ ದಡಿ ಮಾತ್ರ ಅಳಿಸಬೇಕು, ಬಣ್ಣ ಅಳಿಸಬಾರದು.

ಹಣ ಕೊಟ್ಟ ಮೇಲೆ? ಅಕ್ಕಾರು ಯೋಚನೆಯನ್ನೇ ಮಾಡಲಿಲ್ಲ. “ರೊಕ್ಕ ಕೊಟ್ಟ ಮ್ಯಾಲ ಹಿಂದೇನೈತ್ರಿ? ಹೊಸಾ ಸೀರಿ ನೋಡ್ಲಿ.”

ನೋಡುವಾಗ ಹಾದಿ ಉಳಿಯಬೇಕು, ಹಣ ಕೊಟ್ಟ ಮೇಲೆ ಹಾದಿ ಮುಚ್ಚಬೇಕು. ಒಂದೇ ಆ್ಯಪ್, ಒಂದೇ ಸ್ಟ್ಯಾಕ್, ಆದರೆ ನಿಯಮ ಎರಡು. ಇದನ್ನು ಯಾವ ಲೈಬ್ರರಿಯೂ ತಾನಾಗಿ ಊಹಿಸುವುದಿಲ್ಲ. ಇದು ವ್ಯಾಪಾರ ಗೊತ್ತಿದ್ದವರು ಹೇಳಬೇಕಾದ ಮಾತು. ಪ್ರೋಗ್ರಾಮರ್‌ಗಳು ತಾವೇ ತೀರ್ಮಾನಿಸಿದರೆ ಎಲ್ಲ ಸ್ಕ್ರೀನ್‌ಗೂ ಒಂದೇ ನಿಯಮ ಬರೆಯುತ್ತಾರೆ, ಯಾಕಂದರೆ ಬರೆಯಲು ಅದೇ ಸುಲಭ.

ಹಣದ ಸ್ಕ್ರೀನ್

ಮೊದಲ ತಿದ್ದುಪಡಿ ಸಣ್ಣದು. ವಾರಿಯಿಂದ ಹಣದವರೆಗಿನ ಹಂತಗಳನ್ನೆಲ್ಲ ಒಂದು ಒಳ ಗ್ರಾಫ್, ಅಂದರೆ ಸ್ಕ್ರೀನ್‌ಗಳ ಒಂದು ಗುಂಪು, ಮಾಡಿದೆವು. ‘ಆರ್ಡರ್ ಆಯಿತು’ ಸ್ಕ್ರೀನ್‌ಗೆ ಹೋಗುವಾಗ ‘ಪಾಪ್‌ಅಪ್‌ಟು’ ಬಳಸಿ ಆ ಗ್ರಾಫ್‌ವರೆಗೆ, ‘ಇನ್‌ಕ್ಲೂಸಿವ್’ ಸೇರಿಸಿ (ಅಂದರೆ ಆ ಗ್ರಾಫೂ ಸೇರಿ), ಎಲ್ಲ ತೆಗೆದುಹಾಕುವುದು. ಈಗ ಬ್ಯಾಕ್ ಒತ್ತಿದರೆ ಸೀರೆಗಳ ಪಟ್ಟಿ ಬರುತ್ತದೆ. ಬ್ಯಾಕ್ ಹಿಡಿಯುವ ಕೋಡ್ ಒಂದು ಸಾಲೂ ಬೇಕಾಗಲಿಲ್ಲ, ಹಿಂದೆ ಪೇಮೆಂಟ್ ಸ್ಕ್ರೀನ್ ಇಲ್ಲವೇ ಇಲ್ಲ ಅಂದಮೇಲೆ ತಡೆಯುವುದೇನು? ಇನ್ನೊಂದು ಲಾಭವೂ ಆಯಿತು. ಹಂತಗಳ ಆಯ್ಕೆ ಹಿಡಿಯುವ ವ್ಯೂಮಾಡೆಲ್ ಅನ್ನು ಆ ಒಳ ಗ್ರಾಫ್‌ಗೇ ಕಟ್ಟಿದೆವು. ಹಂತಗಳ ನಡುವೆ ಓಡಾಡುವಾಗ ಅದು ಇರುತ್ತದೆ, ಗ್ರಾಫ್ ಹೋದಾಗ ಅದೂ ಹೋಗುತ್ತದೆ.

ಹುಡುಗರು ಇಷ್ಟಕ್ಕೆ ಕೈ ತೊಳೆದುಕೊಳ್ಳಲು ತಯಾರಾಗಿದ್ದರು. ನಿಜ ಹೇಳಬೇಕೆಂದರೆ ಹೆಚ್ಚಿನ ತಂಡಗಳು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಸ್ಟ್ಯಾಕ್ ಸರಿ ಮಾಡಿದರೆ ಎರಡು ಸಲ ಹಣ ಹೋಗುವ ದಾರಿಗಳಲ್ಲಿ ಒಂದು ಮಾತ್ರ ಮುಚ್ಚುತ್ತದೆ. ಯುಪಿಐ ಆ್ಯಪ್‌ನಲ್ಲಿ ಹಣ ಹೋಗಿದೆ, ನೆಟ್ ನಿಧಾನ, ನಮ್ಮ ಆ್ಯಪ್‌ಗೆ ಇನ್ನೂ ಗೊತ್ತಾಗಿಲ್ಲ. ಗಿರಾಕಿ ವಾಪಸ್ ಬಂದಾಗ ಪೇಮೆಂಟ್ ಸ್ಕ್ರೀನ್ ಇನ್ನೂ ಅಲ್ಲೇ ಇದೆ. ಮತ್ತೆ ಒತ್ತುತ್ತಾರೆ, ಅಲ್ವಾ?

ಹಾಗಾಗಿ ಎರಡನೇ ಬೀಗವನ್ನು ಸರ್ವರ್‌ನಲ್ಲಿ ಹಾಕಿದೆವು. ವಿಳಾಸ ತುಂಬಿದ ಕೂಡಲೇ ಸರ್ವರ್ ಆರ್ಡರ್ ಸಂಖ್ಯೆ ಕೊಡುತ್ತದೆ. ಆಮೇಲಿನ ಪ್ರತಿ ಹಣದ ಪ್ರಯತ್ನವೂ ಅದೇ ಸಂಖ್ಯೆಯ ಕೆಳಗೆ. ಮೊದಲಿನ ಪ್ರಯತ್ನ ಏನಾಯಿತು ಅಂತ ತಿಳಿಯುವವರೆಗೆ ಆ ಸಂಖ್ಯೆಗೆ ಇನ್ನೊಂದು ಹಣದ ಕೋರಿಕೆ ಹುಟ್ಟುವುದಿಲ್ಲ. ಯುಪಿಐ ಆ್ಯಪ್ ಹಿಂತಿರುಗಿಸುವ ‘ಸಕ್ಸೆಸ್’ ಅನ್ನುವ ಮಾತನ್ನು ಫೋನ್ ನಂಬುವುದಿಲ್ಲ. ಪೇಮೆಂಟ್ ಗೇಟ್‌ವೇಯನ್ನು ಸರ್ವರ್ ಕೇಳಿ ಹೇಳಿದ್ದೇ ಕೊನೆಯ ಮಾತು.

ಹಣ ಬಂತಾ ಅಂತ ಕಾಯುವ ಹೊತ್ತಿನಲ್ಲಿ ಬ್ಯಾಕನ್ನು ಪೂರ್ತಿ ನಿಲ್ಲಿಸಿಬಿಡೋಣ ಅಂತ ತಂಡದಲ್ಲಿ ಒಬ್ಬನ ಸಲಹೆ. ನಾನು ಒಪ್ಪಲಿಲ್ಲ. ಬ್ಯಾಕ್ ಕೆಲಸ ಮಾಡದಿದ್ದರೆ ಜನ ಫೋನ್ ಹ್ಯಾಂಗ್ ಆಯಿತು ಅಂದುಕೊಳ್ಳುತ್ತಾರೆ, ರೀಸೆಂಟ್ಸ್‌ನಿಂದ (ತೆರೆದ ಆ್ಯಪ್‌ಗಳ ಸಾಲಿನಿಂದ) ಆ್ಯಪ್ ಅನ್ನು ಮೇಲಕ್ಕೆ ತಳ್ಳಿ ಸಾಯಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ಈಗ ಆ ಸ್ಕ್ರೀನ್‌ನಲ್ಲಿ ಬ್ಯಾಕ್ ಒತ್ತಿದರೆ ಹೋಮ್‌ಗೆ ಹೋಗುತ್ತದೆ, ಮೇಲೆ ಒಂದು ಸೂಚನೆ ಕಾಣುತ್ತದೆ: ‘ನಿಮ್ಮ ಹಣ ಬಂತಾ ನೋಡುತ್ತಿದ್ದೇವೆ. ಮತ್ತೆ ಹಾಕಬೇಡಿ.’ ಆ ಎರಡನೇ ವಾಕ್ಯ ಅಕ್ಕಾರದ್ದು.

ಒಟ್ಟು ₹0

ಈ ದೂರು ಹುಡುಗರನ್ನು ಜಾಸ್ತಿ ಕಾಡಿತ್ತು, ಯಾಕಂದರೆ ಅವರ ಫೋನ್‌ಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ಡೆವಲಪರ್ ಆಪ್ಶನ್ಸ್‌ನಲ್ಲಿ ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಹಾಕಿಯೂ ನೋಡಿದ್ದರು. ಎಲ್ಲ ಸರಿಯಾಗೇ ಇತ್ತು.

ಆಗುತ್ತಿದ್ದದ್ದು ಹೀಗೆ. ಯುಪಿಐ ಆ್ಯಪ್ ತೆರೆದ ಕ್ಷಣ ನಮ್ಮ ಆ್ಯಪ್ ಹಿನ್ನೆಲೆಗೆ ಹೋಗುತ್ತದೆ. ಕಡಿಮೆ ರ್‍ಯಾಮ್ ಇರುವ ಫೋನ್‌ನಲ್ಲಿ, ಜಾಗ ಸಾಲದಿದ್ದರೆ, ಆಂಡ್ರಾಯ್ಡ್ ಹಿನ್ನೆಲೆಯ ಪ್ರೊಸೆಸ್ ಅನ್ನು, ಅಂದರೆ ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್ ಅನ್ನು, ತೆಗೆದುಹಾಕುತ್ತದೆ. ಆದರೆ ಯಾವ ಸ್ಕ್ರೀನ್‌ಗಳು ತೆರೆದಿದ್ದವು ಅನ್ನುವ ದಾಖಲೆಯನ್ನು ಸಿಸ್ಟಮ್ ತನ್ನ ಬಳಿ ಇಟ್ಟುಕೊಳ್ಳುತ್ತದೆ. ಗಿರಾಕಿ ವಾಪಸ್ ಬಂದಾಗ ಹೊಸ ಪ್ರೊಸೆಸ್ ಹುಟ್ಟುತ್ತದೆ, ಅದೇ ಸ್ಟ್ಯಾಕ್ ಮತ್ತೆ ಎದ್ದು ನಿಲ್ಲುತ್ತದೆ, ಮೇಲೆ ಪೇಮೆಂಟ್ ಸ್ಕ್ರೀನ್. ಆದರೆ ಕಾರ್ಟ್ ಇದ್ದದ್ದು ಮೆಮೊರಿಯಲ್ಲಿ, ಇಡೀ ಆ್ಯಪ್‌ಗೆ ಒಂದೇ ಇರುವ ಸಿಂಗಲ್‌ಟನ್ ಆಬ್ಜೆಕ್ಟ್‌ನಲ್ಲಿ. ಅದು ಪ್ರೊಸೆಸ್ ಜೊತೆಗೇ ಹೋಯಿತು. ಹಾದಿ ಬಂತು, ಸಾಮಾನು ಬರಲಿಲ್ಲ. ಅದಕ್ಕೇ ₹0.

ಹಾಗಾದರೆ ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ? ‘ಡೋಂಟ್ ಕೀಪ್ ಆಕ್ಟಿವಿಟೀಸ್’ ಆಕ್ಟಿವಿಟಿಯನ್ನು ಮಾತ್ರ ಕೆಡವುತ್ತದೆ, ಪ್ರೊಸೆಸ್ ಬದುಕಿರುತ್ತದೆ. ಸಿಂಗಲ್‌ಟನ್‌ಗೆ ಏನೂ ಆಗುವುದಿಲ್ಲ. ನಿಜವಾದ ಪರೀಕ್ಷೆಗೆ ಆ್ಯಪ್ ಅನ್ನು ಹಿನ್ನೆಲೆಗೆ ಕಳಿಸಿ ಎಡಿಬಿಯಿಂದ (ಕಂಪ್ಯೂಟರ್‌ನಿಂದ ಫೋನ್‌ಗೆ ಆಜ್ಞೆ ಕೊಡುವ ಸಾಧನ) ‘ಆ್ಯಕ್ಟಿವಿಟಿ ಮ್ಯಾನೇಜರ್’ನ ಕಿಲ್ ಆಜ್ಞೆ ಕೊಡಬೇಕು, ಆಮೇಲೆ ರೀಸೆಂಟ್ಸ್‌ನಿಂದ ತೆರೆಯಬೇಕು. ಮೊದಲ ಸಲಕ್ಕೇ ₹0 ಬಂತು. ಹುಡುಗರ ಮುಖದಲ್ಲಿ ಖುಷಿ. ಬಗ್ ಸಿಕ್ಕ ಖುಷಿ ಬೇರೆಯೇ ಬಿಡಿ.

ತಂಡದ ಒಬ್ಬ ಮೊದಲು ಪೂರ್ತಿ ಆರ್ಡರನ್ನೇ ಜೇಸನ್ ಪಠ್ಯ ಮಾಡಿ ರೂಟ್‌ನ, ಅಂದರೆ ಸ್ಕ್ರೀನ್‌ನ ವಿಳಾಸದ, ಒಳಗೆ ತುಂಬಿದ. ಫೋಟೋದ ವಿಳಾಸದಲ್ಲಿದ್ದ ಓರೆ ಗೆರೆಗಳಿಂದ ರೂಟ್ ಮುರಿಯಿತು. ಅದನ್ನು ಸರಿ ಮಾಡಿದ್ದರೂ ಮುಂದೆ ಇನ್ನೊಂದು ಗುಂಡಿ ಕಾದಿತ್ತು. ಸಿಸ್ಟಮ್‌ಗೆ ಕೊಟ್ಟಿಡುವ ಈ ದಾಖಲೆ ಬೈಂಡರ್ (ಪ್ರೊಸೆಸ್‌ಗಳ ನಡುವಿನ ಸಾಗಣೆ ದಾರಿ) ಮೂಲಕ ಹೋಗುತ್ತದೆ. ಅದರ ಜಾಗ ಒಂದು ಪ್ರೊಸೆಸ್‌ಗೆ ಸುಮಾರು 1 ಎಂಬಿ, ಅದೂ ಆ ಹೊತ್ತಿನ ಎಲ್ಲ ವಹಿವಾಟಿಗೆ ಸೇರಿ. ಮಿತಿ ಮೀರಿದರೆ ಆ್ಯಪ್ ಕ್ರ್ಯಾಶ್. ಸ್ಟ್ಯಾಕ್ ಸಾಮಾನು ಇಡುವ ಜಾಗವೇ ಅಲ್ಲ. ಸ್ಕ್ರೀನ್‌ನಿಂದ ಸ್ಕ್ರೀನ್‌ಗೆ ಆರ್ಡರ್ ಸಂಖ್ಯೆ ಅಥವಾ ಸೀರೆಯ ಸಂಖ್ಯೆ ಹೋದರೆ ಸಾಕು. ಕೊನೆಗೆ ಅರ್ಧ ತುಂಬಿದ ಆರ್ಡರನ್ನು ಫೋನ್‌ನ ಡೇಟಾಬೇಸ್‌ನಲ್ಲಿ, ರೂಮ್ ಲೈಬ್ರರಿ ಬಳಸಿ, ಇಟ್ಟೆವು. ಟೈಪ್ ಮಾಡುತ್ತಿರುವ ಪಿನ್‌ಕೋಡ್‌ನಂಥ ಚಿಲ್ಲರೆ ಸಂಗತಿಗೆ ‘ಸೇವ್ಡ್‌ಸ್ಟೇಟ್‌ಹ್ಯಾಂಡಲ್’ (ಸಿಸ್ಟಮ್ ಪ್ರೊಸೆಸ್ ತೆಗೆದರೂ ಉಳಿಯುವ ಸಣ್ಣ ಜಾಗ). ಎಲ್ಲವನ್ನೂ ಅದರಲ್ಲೇ ಇಡಬಹುದಿತ್ತಲ್ಲ ಅಂದರೆ, ರೀಸೆಂಟ್ಸ್‌ನಿಂದ ಆ್ಯಪ್ ತಳ್ಳಿದರೆ ಅದೂ ಹೋಗುತ್ತದೆ. ಡೇಟಾಬೇಸ್ ಉಳಿಯುತ್ತದೆ. ರೂಟ್‌ಗಳನ್ನು ಇದೇ ನೆಪದಲ್ಲಿ ನ್ಯಾವಿಗೇಶನ್ 2.8ರ ಟೈಪ್ ಇರುವ ಪದ್ಧತಿಗೆ ಬದಲಿಸಿದೆವು. ಕೈಯಿಂದ ದಾರ ಪೋಣಿಸಿದ ಹಾಗೆ ಅಕ್ಷರ ಜೋಡಿಸುವ ಕೆಲಸ ತಪ್ಪಿತು.

ಕಾಣೆಯಾದ ಮೂರನೇ ಸೀರೆ

‘ಇಂಥದ್ದೇ ಸೀರೆಗಳು’ ದೂರಿನ ಕಾರಣ ತಮಾಷೆಯದು. ಯಾವಾಗಲೋ ಯಾರೋ ಅವಸರದಲ್ಲಿ ಎರಡು ಸಲ ಒತ್ತಿದಾಗ ಒಂದೇ ಸ್ಕ್ರೀನ್ ಎರಡು ಸಲ ತೆರೆಯುತ್ತಿತ್ತು. ಅದನ್ನು ತಪ್ಪಿಸಲು ತಂಡ ಎಲ್ಲ ನ್ಯಾವಿಗೇಶನ್‌ಗೂ ಒಂದು ಸಾಮಾನ್ಯ ಫಂಕ್ಷನ್ ಬರೆದು ಅದರಲ್ಲಿ ‘ಲಾಂಚ್‌ಸಿಂಗಲ್‌ಟಾಪ್’ ಹಾಕಿತ್ತು. ಎರಡು ಸಲ ತೆರೆಯುವುದು ನಿಂತಿತು. ಆದರೆ ಸೀರೆಯ ಸ್ಕ್ರೀನ್‌ನಿಂದ ಇನ್ನೊಂದು ಸೀರೆಗೆ ಹೋಗುವುದೆಂದರೆ ಲೈಬ್ರರಿಯ ಲೆಕ್ಕದಲ್ಲಿ ಅದೇ ಸ್ಕ್ರೀನ್, ಸಂಖ್ಯೆ ಮಾತ್ರ ಬೇರೆ. ಆ ಗುರುತು ಇದ್ದರೆ ಅದು ಹೊಸದನ್ನು ಮೇಲೆ ಇಡುವುದಿಲ್ಲ, ಮೇಲಿರುವುದರ ಸಂಖ್ಯೆಯನ್ನೇ ಬದಲಿಸುತ್ತದೆ. ಹಳೆಯ ಸೀರೆ ಹಾದಿಯಿಂದ ಕಾಣೆ.

ಆ ಗುರುತನ್ನು ಸೀರೆಯ ಸ್ಕ್ರೀನ್‌ನಿಂದ ತೆಗೆದೆವು. ಎರಡು ಸಲ ಒತ್ತುವುದನ್ನು ಬೇರೆ ರೀತಿ ತಡೆದೆವು: ಈಗಿನ ಸ್ಕ್ರೀನ್ ‘ರಿಸ್ಯೂಮ್ಡ್’ (ಪೂರ್ತಿ ಮುಂದೆ ಇರುವ) ಸ್ಥಿತಿಯಲ್ಲಿ ಇದ್ದರೆ ಮಾತ್ರ ಒತ್ತಿದ್ದು ಲೆಕ್ಕಕ್ಕೆ. ಮುಂದಿನ ಸ್ಕ್ರೀನ್ ತೆರೆಯತೊಡಗಿದ ಕೂಡಲೇ ಈ ಸ್ಥಿತಿ ಬದಲಾಗುತ್ತದೆ, ಎರಡನೇ ಒತ್ತು ತಾನಾಗಿ ಬಿದ್ದುಹೋಗುತ್ತದೆ.

ಇಲ್ಲೇ ಒಂದು ಅಡ್ಡಮಾತು. ಸೀರೆಯ ಫೋಟೋಗಳನ್ನು ಪಕ್ಕಕ್ಕೆ ಸರಿಸಿ ನೋಡುವ ವ್ಯವಸ್ಥೆ ಇತ್ತು, ಫೋಟೋ ಅಂಚಿನಿಂದ ಅಂಚಿಗೆ ತುಂಬಿತ್ತು. 2019ರ ಆಂಡ್ರಾಯ್ಡ್ 10ರಿಂದ ಅಂಚಿನಿಂದ ಎಳೆದರೆ ಬ್ಯಾಕ್. ಸೆರಗು ನೋಡಲು ಎಳೆದವರು ಸೀರೆಯಿಂದಲೇ ಹೊರಬೀಳುತ್ತಿದ್ದರು. ಈ ಜಾಗದಲ್ಲಿ ಬ್ಯಾಕ್ ಬೇಡ ಅಂತ ಸಿಸ್ಟಮ್‌ಗೆ ಹೇಳಬಹುದು, ಆದರೆ ಒಂದು ಅಂಚಿನಲ್ಲಿ 200 ಡಿಪಿ (ಆಂಡ್ರಾಯ್ಡ್ ಸ್ಕ್ರೀನ್‌ನ ಅಳತೆ) ಎತ್ತರ ಮಾತ್ರ ಸಿಗುತ್ತದೆ. ಅಷ್ಟು ಸಾಲದು. ಕೆಳಗೆ ಸಣ್ಣ ಫೋಟೋಗಳ ಸಾಲು ಕೊಟ್ಟೆವು, ಒತ್ತಿದರೆ ದೊಡ್ಡದಾಗುತ್ತದೆ.

ವಾಟ್ಸ್‌ಆ್ಯಪ್ ಲಿಂಕ್

ಅಂಗಡಿಯ ಅರ್ಧ ಜೀವ ವಾಟ್ಸ್‌ಆ್ಯಪ್‌ನಲ್ಲಿದೆ. ಹುಬ್ಬಳ್ಳಿ, ಸೊಲ್ಲಾಪುರ, ಪುಣೆ ಕಡೆಯ ಹೆಣ್ಣುಮಕ್ಕಳು ಮನೆಯಿಂದಲೇ ಸೀರೆ ಮಾರುತ್ತಾರೆ, ಅವರಿಗೆ ದಿನವೂ ಲಿಂಕ್ ಹೋಗುತ್ತದೆ. ತಂಡ ಜೆಟ್‌ಪ್ಯಾಕ್ ನ್ಯಾವಿಗೇಶನ್‌ನ ಡೀಪ್ ಲಿಂಕ್ (ನೇರ ಒಂದು ಸ್ಕ್ರೀನ್ ತೆರೆಯುವ ಲಿಂಕ್) ಬಳಸಿತ್ತು. ಅದರ ನಡವಳಿಕೆ ಒಂದು ಫ್ಲ್ಯಾಗ್ (ಗುರುತು) ಮೇಲೆ ನಿಂತಿದೆ. ಲಿಂಕ್ ತೆರೆಯುವ ಆ್ಯಪ್ ‘ನ್ಯೂ ಟಾಸ್ಕ್’ ಫ್ಲ್ಯಾಗ್ ಹಾಕಿದ್ದರೆ, ನಮ್ಮ ಆ್ಯಪ್‌ನ ಹಳೆಯ ಸ್ಟ್ಯಾಕ್ ಪೂರ್ತಿ ಅಳಿಸಿ ಹೊಸದನ್ನು ಕಟ್ಟುತ್ತದೆ: ಕೆಳಗೆ ಹೋಮ್, ಮೇಲೆ ಆ ಸೀರೆ. ಫ್ಲ್ಯಾಗ್ ಇಲ್ಲದಿದ್ದರೆ ಕಳಿಸಿದ ಆ್ಯಪ್‌ನ ಟಾಸ್ಕ್‌ನಲ್ಲೇ (ಅದರ ಸ್ಕ್ರೀನ್‌ಗಳ ರಾಶಿಯಲ್ಲೇ) ತೆರೆಯುತ್ತದೆ, ಬ್ಯಾಕ್ ಒತ್ತಿದರೆ ಅಲ್ಲಿಗೇ ವಾಪಸ್. ಅರ್ಧ ಆರ್ಡರ್ ಮಾಯವಾಗುತ್ತಿದ್ದದ್ದು ಮೊದಲನೆಯ ಕಾರಣದಿಂದ.

ಲಿಂಕ್‌ನಿಂದ ಬಂದವರು ಬ್ಯಾಕ್ ಒತ್ತಿದರೆ ನಮ್ಮ ಹೋಮ್‌ಗೆ ಬರಲಿ, ಇನ್ನೂ ನಾಲ್ಕು ಸೀರೆ ನೋಡಲಿ ಅನ್ನುವುದು ಹುಡುಗರ ಆಸೆ. ಅಕ್ಕಾರು ನಕ್ಕರು. “ಲಿಂಕ್ ಒತ್ತಿದಾಕಿ ಸೀರಿ ನೋಡಿ, ವಾಪಸ್ ವಾಟ್ಸ್‌ಆ್ಯಪ್‌ಗೆ ಹೋಗಿ ‘ಇದ ಇರ್ಲಿ ಅಕ್ಕಾ’ ಅಂತ ಬರೀಬೇಕಾಗಿರ್ತೈತಿ. ಆಕಿನ್ನ ಹಿಡದ ಕುಂದ್ರಿಸಿದ್ರ ಆಕಿ ಬರಿಯೂದ ಬಿಡ್ತಾಳ.”

ಹಾಗಾಗಿ ಲಿಂಕ್‌ನ ಸೀರೆಗೆ ಬೇರೆಯೇ ಒಂದು ಸಣ್ಣ ಆಕ್ಟಿವಿಟಿ ಮಾಡಿದೆವು, ಅದರ ಟಾಸ್ಕ್ ಅಫಿನಿಟಿಯನ್ನೂ (ಯಾವ ರಾಶಿಗೆ ಸೇರಬೇಕು ಅನ್ನುವ ಗುರುತು) ಬೇರೆ ಇಟ್ಟೆವು. ಫ್ಲ್ಯಾಗ್ ಇದ್ದರೂ ಇಲ್ಲದಿದ್ದರೂ ಮುಖ್ಯ ಆ್ಯಪ್‌ನ ಸ್ಟ್ಯಾಕ್‌ಗೆ ಕೈ ಹಾಕುವುದಿಲ್ಲ. ಬ್ಯಾಕ್ ಒತ್ತಿದರೆ ಅದು ಮುಗಿಯುತ್ತದೆ, ಗಿರಾಕಿ ಬಂದ ಜಾಗಕ್ಕೆ ಹೋಗುತ್ತಾರೆ. ಮೇಲಿನ ಬಾಣದ ಗುರುತಿಗೆ ಬೇರೆ ಅರ್ಥ: ಅದು ಎಂದೂ ಆ್ಯಪ್‌ನಿಂದ ಹೊರಗೆ ಕಳಿಸಬಾರದು, ಆ ಬಗೆಯ ಸೀರೆಗಳ ಪಟ್ಟಿಗೆ ಒಯ್ಯಬೇಕು. ಮಿಕ್ಕೆಲ್ಲ ಕಡೆ ಬಾಣವೂ ಬ್ಯಾಕೂ ಒಂದೇ ಕೆಲಸ ಮಾಡಿದರೆ ಸಾಕು. ಇದಕ್ಕೆ ತೆತ್ತ ಬೆಲೆ ಅಂದರೆ ರೀಸೆಂಟ್ಸ್‌ನಲ್ಲಿ ಒಮ್ಮೊಮ್ಮೆ ನಮ್ಮ ಆ್ಯಪ್ ಎರಡು ಸಲ ಕಾಣುತ್ತದೆ. ಯಾರೂ ಈವರೆಗೆ ಕೇಳಿಲ್ಲ.

ಕೆಲವರಿಗೆ ಲಿಂಕ್ ಆ್ಯಪ್‌ನಲ್ಲಿ ತೆರೆಯದೆ ಬ್ರೌಸರ್‌ಗೆ ಹೋಗುತ್ತಿತ್ತು. ಆಂಡ್ರಾಯ್ಡ್ 12ರಿಂದ, ವೆಬ್‌ಸೈಟ್ ನಮ್ಮದೇ ಅಂತ ರುಜುವಾತು ಆಗದ ಲಿಂಕ್ ಸುಮ್ನೆ ಬ್ರೌಸರ್‌ಗೆ ಹೋಗುತ್ತದೆ. ರುಜುವಾತಿನ ಫೈಲ್ ಸೈಟ್‌ನಲ್ಲಿ ಇತ್ತು, ಆದರೆ ಅದರಲ್ಲಿದ್ದ ಬೆರಳಚ್ಚು (ಸಹಿ ಹಾಕುವ ಕೀಯ ಗುರುತು) ತಂಡದ ಅಪ್‌ಲೋಡ್ ಕೀಯದು. ಪ್ಲೇ ಸ್ಟೋರ್ ಆ್ಯಪ್‌ಗೆ ತಾನು ಹಿಡಿದಿರುವ ಇನ್ನೊಂದು ಕೀಯಿಂದ ಸಹಿ ಹಾಕಿ ಹಂಚುತ್ತದೆ. ಪ್ಲೇ ಕನ್ಸೋಲ್‌ನಿಂದ ಆ ಬೆರಳಚ್ಚನ್ನು ತಂದು ಸೇರಿಸಿದ ಮೇಲೆ ಸರಿಹೋಯಿತು.

ಮಿಕ್ಕಿದ್ದು

ಕೆಳಗಿನ ಟ್ಯಾಬ್‌ಗಳ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಟ್ಯಾಬ್ ಬದಲಿಸುವಾಗ ಮೊದಲ ಸ್ಕ್ರೀನ್‌ವರೆಗೆ ತೆಗೆದು ಅದರ ಸ್ಥಿತಿ ಉಳಿಸು, ಹೊಸ ಟ್ಯಾಬ್‌ನ ಹಳೆಯ ಸ್ಥಿತಿ ಮರಳಿಸು. ನ್ಯಾವಿಗೇಶನ್ 2.4ರಿಂದ ಇದು ಲೈಬ್ರರಿಯಲ್ಲೇ ಇದೆ. ‘ಲಾಂಚ್‌ಸಿಂಗಲ್‌ಟಾಪ್’ಗೆ ಸರಿಯಾದ ಜಾಗ ಇದೇ. ಈಗ ಯಾವ ಟ್ಯಾಬ್‌ನ ಮೊದಲ ಸ್ಕ್ರೀನ್‌ನಲ್ಲಿ ಬ್ಯಾಕ್ ಒತ್ತಿದರೂ ಹೋಮ್, ಇನ್ನೊಮ್ಮೆ ಒತ್ತಿದರೆ ಹೊರಗೆ.

ಲಾಗಿನ್ ಅವಧಿ ನಡುವೆ ಮುಗಿದರೆ ಲಾಗಿನ್ ಸ್ಕ್ರೀನ್ ಮೇಲೆ ಬರುತ್ತದೆ, ಓಟಿಪಿ ಆದ ಮೇಲೆ ತಾನು ಮಾತ್ರ ಇಳಿದುಹೋಗುತ್ತದೆ. ಮೊದಲು ಅದು ಹೋಮ್‌ಗೆ ಎಳೆದೊಯ್ಯುತ್ತಿತ್ತು. ‘ಹೊರಗೆ ಹೋಗಬೇಕಾ?’ ಪ್ರಶ್ನೆಯನ್ನು ತೆಗೆದೇ ಹಾಕಿದೆವು. ಆಂಡ್ರಾಯ್ಡ್ 12ರಿಂದ ಮೊದಲ ಸ್ಕ್ರೀನ್‌ನಲ್ಲಿ ಬ್ಯಾಕ್ ಒತ್ತಿದರೆ ಆ್ಯಪ್ ಮುಚ್ಚುವುದಿಲ್ಲ, ಹಿನ್ನೆಲೆಗೆ ಸರಿಯುತ್ತದೆ ಅಷ್ಟೇ. ಅರ್ಧ ಆರ್ಡರ್ ಡೇಟಾಬೇಸ್‌ನಲ್ಲಿದೆ. ಕೇಳುವುದಕ್ಕೆ ಏನೂ ಉಳಿದಿಲ್ಲ. ಇಡೀ ಆ್ಯಪ್‌ನಲ್ಲಿ ಈಗ ‘ಬ್ಯಾಕ್‌ಹ್ಯಾಂಡ್ಲರ್’ (ಬ್ಯಾಕನ್ನು ತಾನೇ ಹಿಡಿಯುವ ಕೋಡ್) ಇರುವುದು ಎರಡೇ ಕಡೆ: ಹಣಕ್ಕೆ ಕಾಯುವ ಸ್ಕ್ರೀನ್, ಮತ್ತು ಅಂಗಡಿಯವರು ಹೊಸ ಸೀರೆ ಸೇರಿಸುವ ಫಾರ್ಮ್‌ನಲ್ಲಿ ಉಳಿಸದ ಬದಲಾವಣೆ ಇದ್ದಾಗ ಮಾತ್ರ.

ಅಂಗಡಿಯಲ್ಲಿ ಬರೆದ ಪಟ್ಟಿಯನ್ನು ಹುಡುಗರು ಹಾಗೇ ಟೆಸ್ಟ್ ಮಾಡಿಕೊಂಡಿದ್ದಾರೆ. ಸ್ಕ್ರೀನ್, ಅಲ್ಲಿಗೆ ಬಂದ ದಾರಿ, ಬ್ಯಾಕ್ ಒತ್ತಿದರೆ ಸಿಗಬೇಕಾದದ್ದು. ಪ್ರತಿ ಸಾಲಿಗೂ ಪ್ರೊಸೆಸ್ ಕೊಂದು ಮತ್ತೆ ತೆರೆಯುವ ಇನ್ನೊಂದು ಸಾಲು. ಹೊಸ ಸ್ಕ್ರೀನ್ ಸೇರಿಸುವವರು ಮೊದಲು ಇಲ್ಲಿ ಬರೆಯಬೇಕು, ಆಮೇಲೆ ಕೋಡ್.

ಎರಡು ಸಲ ಹಣ ಬಂದ ದೂರು ಆಮೇಲೆ ಅಂಗಡಿಗೆ ಬಂದಿಲ್ಲ. ಬ್ಯಾಂಕ್ ಕಡೆಯಿಂದ ‘ಪೆಂಡಿಂಗ್’ನಲ್ಲಿ ನಿಲ್ಲುವ ಹಣ ಮಾತ್ರ ಈಗಲೂ ತಲೆನೋವು. ಹಣಕ್ಕೆ ಕಾಯುವ ಆ ಸೂಚನೆ ಹೋಮ್‌ನಲ್ಲಿ ಎಷ್ಟು ಹೊತ್ತು ಇರಬೇಕು ಅನ್ನುವುದು ತೀರ್ಮಾನವಾಗಿಲ್ಲ. ಮರುದಿನದವರೆಗೆ ಇರಲಿ ಅಂತ ಅಕ್ಕಾರು, ಅಷ್ಟು ಹೊತ್ತು ಇದ್ದರೆ ಜನ ಗಾಬರಿಯಾಗುತ್ತಾರೆ ಅಂತ ಯಜಮಾನರು.

ಹುಡುಗರಿಗೆ ಈಗ ನ್ಯಾವಿಗೇಶನ್ 3ಕ್ಕೆ ಹೋಗುವ ಆಸೆ. 2025ರಲ್ಲಿ ಗೂಗಲ್ ತಂದ ಈ ಹೊಸ ಲೈಬ್ರರಿಯಲ್ಲಿ ಬ್ಯಾಕ್ ಸ್ಟ್ಯಾಕ್ ಅಂದರೆ ನಾವೇ ಹಿಡಿದಿರುವ ಒಂದು ಸಾದಾ ಪಟ್ಟಿ, ಬೇಕಾದ್ದು ಸೇರಿಸು, ಬೇಡದ್ದು ತೆಗೆ. ಈ ಆ್ಯಪ್‌ಗೆ ಅದು ಹೊಂದುತ್ತದೆ ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಹಬ್ಬದ ಹೊತ್ತಿನಲ್ಲಿ ಬೇಡ ಅಂದೆ. ದೀಪಾವಳಿ ಆರ್ಡರ್ ಮುಗಿದ ಮೇಲೆ, ಆರ್ಡರ್ ತುಂಬುವ ಭಾಗವನ್ನಷ್ಟೇ ಬೇರೆ ಬ್ರ್ಯಾಂಚ್‌ನಲ್ಲಿ (ಕೋಡ್‌ನ ಬೇರೆ ಪ್ರತಿಯಲ್ಲಿ) ಬದಲಿಸಿ, ಅದೇ ಪಟ್ಟಿಯ ಟೆಸ್ಟ್ ಓಡಿಸಿ ನೋಡುವುದು ಅಂತ ಮಾತಾಗಿದೆ.